‘ಬಿಸಿಯಾಗತ್ತೆ’ ಅನ್ನೋ ಮಾತಿಗೆ ಎಷ್ಟು ವಯಸ್ಸು?

ನಮ್ಮ ಓಕಳಿಪುರಂನಲ್ಲಿ ಯಾರ ಮನೇಲಾದ್ರೂ ಕಂಪ್ಯೂಟರ್ ತರೋ ವಿಷ್ಯ ಬಂದ್ರೆ ಎರಡು ಮಾತು ಕೇಳಿಸೇ ಕೇಳಿಸತ್ತೆ. ಒಂದು, “ಇಂಟೆಲ್ಲೇ ತಗೊಳ್ಳಿ, ಹೆಸರಿರೋ ಕಂಪನಿ.” ಇನ್ನೊಂದು, “ಎಎಂಡಿ ಬೇಡಮ್ಮ, ಬಿಸಿಯಾಗತ್ತೆ.” ಯಾರು ಹೇಳಿದ್ದು ಅಂತ ಕೇಳಿದ್ರೆ, ನಮ್ಮ ಭಾವ ಹೇಳಿದ್ರು, ಎಸ್.ಪಿ. ರೋಡ್ ಅಂಗಡಿಯವನು ಹೇಳ್ದ, ಅಷ್ಟೇ. ಮಕ್ಕಳ ಕಾಲೇಜಿಗೆ ಅಂತ ಚೀಟಿ ಎತ್ತಿ, ಒಡವೆಗೆ ಅಂತ ಇಟ್ಟಿದ್ದ ದುಡ್ಡನ್ನೂ ಸೇರಿಸಿ 40–50 ಸಾವಿರ ಎಣಿಸಿ ಕೊಡೋವಾಗ ಬರೀ ಬಾಯಿಮಾತಿನ ಮೇಲೆ ತೀರ್ಮಾನ ಆಗ್ಬಾರ್ದು. ಅದಕ್ಕೇ ಈ ಮಾತುಗಳು ಎಲ್ಲಿ ಹುಟ್ಟಿದ್ವು, ಈಗ ಅವಕ್ಕೆ ಎಷ್ಟು ವಯಸ್ಸು ಅಂತ ಓದಿ ತಿಳ್ಕೊಂಡು ಇಲ್ಲಿ ಬರೀತಿದೀನಿ.

ಮೊದಲು ಪ್ರೊಸೆಸರ್ ಅಂದ್ರೇನು ಅಂತ ಹೇಳಿಬಿಡ್ತೀನಿ. ಕಂಪ್ಯೂಟರ್ ಒಳಗೆ ಲೆಕ್ಕವನ್ನೆಲ್ಲ ಮಾಡೋ ಚಿಪ್ಪು ಅದು, ಹೆಚ್ಚುಕಮ್ಮಿ ಒಂದು ಬಿಸ್ಕತ್ತಿನ ಅಗಲ. ಅದು ಕೂರೋ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಅಂತಾರೆ. ಬಿಡಿ ಭಾಗ ತಂದು ಜೋಡಿಸೋ ಮನೆ ಕಂಪ್ಯೂಟರ್‌ಗೆ ಇವತ್ತು ಈ ಚಿಪ್ಪು ಕೊಡೋರು ಇಬ್ಬರೇ, ಇಂಟೆಲ್ ಮತ್ತೆ ಎಎಂಡಿ.

ಇಬ್ಬರೂ ಒಂದೇ ಮನೆಯಿಂದ ಬಂದವರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಚೈಲ್ಡ್ ಅಂತ ಒಂದು ಚಿಪ್ ಕಂಪನಿ ಇತ್ತು. ಅಲ್ಲಿಂದ ಹೊರಗೆ ಬಂದ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಶುರು ಮಾಡಿದ್ರು. ಮಾರನೇ ವರ್ಷ, 1969ರ ಮೇ ತಿಂಗಳಲ್ಲಿ, ಅದೇ ಫೇರ್‌ಚೈಲ್ಡ್‌ನಲ್ಲಿದ್ದ ಜೆರ್ರಿ ಸ್ಯಾಂಡರ್ಸ್ ಮತ್ತೆ ಅವರ ಜೊತೆಯವರು ಎಎಂಡಿ ಕಟ್ಟಿದ್ರು. ಒಬ್ಬರು ಕುಲೀನರು, ಇನ್ನೊಬ್ಬರು ಎಲ್ಲಿಂದಲೋ ಬಂದವರು ಅನ್ನೋ ಹಾಗೇ ಇಲ್ಲ.

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್‌ಗೆ ಇಂಟೆಲ್‌ನ 8088 ಚಿಪ್ ಆರಿಸ್ಕೊಂಡಿತು. ಆದರೆ ಒಬ್ಬರನ್ನೇ ನಂಬೋಕೆ ಐಬಿಎಂಗೆ ಇಷ್ಟ ಇರಲಿಲ್ಲ. ಒಬ್ಬನೇ ಹಾಲಿನವನನ್ನ ನಂಬ್ಕೊಂಡ್ರೆ ಅವನು ಬರದ ದಿನ ಮನೇಲಿ ಕಾಫಿ ಇಲ್ಲ ಅಂತ ನಮಗೆ ಗೊತ್ತಲ್ಲ, ಹಾಗೆ. ಎರಡನೇ ಕಂಪನಿಯೂ ಅದೇ ಚಿಪ್ ಮಾಡಿಕೊಡ್ಬೇಕು ಅಂತ ಕೇಳಿತು. 1982ರಲ್ಲಿ ಇಂಟೆಲ್ ಎಎಂಡಿ ಜೊತೆ ಒಪ್ಪಂದ ಮಾಡ್ಕೊಂಡಿತು. 1985ರಲ್ಲಿ 386 ಅನ್ನೋ ಹೊಸ ಚಿಪ್ ಬಂದಾಗ ಇಂಟೆಲ್ ಅದರ ಗುಟ್ಟು ಕೊಡಲಿಲ್ಲ. ಜಗಳ ಶುರುವಾಯ್ತು. ಎಎಂಡಿಯವರು ತಾವೇ ಕೂತು ಬಿಡಿಸಿ ನೋಡಿ 1991ರಲ್ಲಿ ತಮ್ಮದೇ 386 ತಂದ್ರು. ಇಂಟೆಲ್‌ನದು 33 ಮೆಗಾಹರ್ಟ್ಸ್ ಓಡಿದ್ರೆ ಇವರದು 40, ಬೆಲೆಯೂ ಕಡಿಮೆ. 1994ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಎಎಂಡಿ ಪರ ಹೇಳಿತು, 1995ರಲ್ಲಿ ರಾಜಿ ಆಯ್ತು. ಎದುರಿಗೆ ಇನ್ನೊಬ್ಬ ನಿಂತಿದ್ದಾನೆ ಅನ್ನೋ ಕಾರಣಕ್ಕೇ ಬೆಲೆ ಇಳಿಯೋದು ಆಗಿನಿಂದ ನಡ್ಕೊಂಡು ಬಂದಿದೆ.

‘ಹೆಸರಿರೋ ಕಂಪನಿ’ ಅನ್ನೋ ಮಾತು ಹುಟ್ಟಿದ್ದೂ ಅದೇ 1991ರಲ್ಲಿ. 386 ಬರೀ ಸಂಖ್ಯೆ, ಅದು ಯಾರ ಸ್ವಂತ ಹೆಸರೂ ಆಗಲ್ಲ ಅಂತ ಅಲ್ಲಿನ ಕೋರ್ಟ್ ಹೇಳಿಬಿಡ್ತು. ಇಂಟೆಲ್‌ನವರು ‘ಇಂಟೆಲ್ ಇನ್‌ಸೈಡ್’ ಸ್ಟಿಕ್ಕರ್ ಶುರು ಮಾಡಿದ್ರು. ಕಂಪ್ಯೂಟರ್ ಕಂಪನಿಗಳು ತಮ್ಮ ಜಾಹೀರಾತಿನಲ್ಲಿ ಈ ಗುರುತು ಹಾಕಿದ್ರೆ ಖರ್ಚಿನಲ್ಲಿ ಒಂದು ಪಾಲು ಇಂಟೆಲ್ ಕೊಡ್ತಿತ್ತು. 1993ರಲ್ಲಿ 586 ಅನ್ನೋ ಬದಲು ಪೆಂಟಿಯಂ ಅಂತ ಹೆಸರಿಟ್ರು. ಗ್ರೀಕ್‌ನಲ್ಲಿ ‘ಪೆಂಟೆ’ ಅಂದ್ರೆ ಐದು. ಆಮೇಲೆ ಟೀವಿಯಲ್ಲಿ ಆ ಟಿಂಟಿಂಟಿಂ ಸದ್ದು. ನಮ್ಮ ಕಡೆ ಎಷ್ಟು ಹಿಡೀತು ಅಂದ್ರೆ, “ಪೆಂಟಿಯಂ ತಗೊಂಡ್ರಾ?” ಅಂದ್ರೆ ಕಂಪ್ಯೂಟರ್ ತಗೊಂಡ್ರಾ ಅಂತಲೇ ಅರ್ಥ ಆಗಿತ್ತು.

ಆ ಪೆಂಟಿಯಂ ಕೆಲಸದ ಮುಂದಾಳು ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್. ಅವರು 1995ರಲ್ಲಿ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಅನ್ನೋ ಸಣ್ಣ ಕಂಪನಿ ಸೇರಿದ್ರು. ಆ ಕಂಪನೀನ ಎಎಂಡಿ ಕೊಂಡ್ಕೊಂಡಿತು. 1997ರಲ್ಲಿ ಬಂದ ಎಎಂಡಿ ಕೆ6 ಚಿಪ್ಪಿನ ಹಿಂದೆಯೂ ಇವರೇ ಇದ್ರು. ಒಬ್ಬರೇ ಭಟ್ಟರು ಎರಡೂ ಮನೆಯ ಮದುವೆಗೆ ಅಡುಗೆ ಮಾಡಿದ ಹಾಗಾಯ್ತು ನೋಡಿ. ಹೆಸರಿದ್ರೆ ತಪ್ಪೇ ಆಗಲ್ಲ ಅನ್ನೋ ಹಾಗೂ ಇರಲಿಲ್ಲ. 1994ರಲ್ಲಿ ಥಾಮಸ್ ನೈಸ್ಲಿ ಅನ್ನೋ ಗಣಿತದ ಮೇಷ್ಟ್ರು, ಪೆಂಟಿಯಂ ಕೆಲವು ಭಾಗಾಕಾರಗಳನ್ನ ತಪ್ಪು ಮಾಡತ್ತೆ ಅಂತ ಕಂಡುಹಿಡಿದ್ರು. ಚಿಪ್ ಬದಲಾಯಿಸಿಕೊಡೋಕೆ ಇಂಟೆಲ್ 47.5 ಕೋಟಿ ಡಾಲರ್ ತೆಗೆದಿಡಬೇಕಾಯ್ತು.

ಆ ಕಾಲದಲ್ಲಿ ಒಂದು ಅನುಕೂಲ ಇತ್ತು. ಕುಕ್ಕರ್ ಗ್ಯಾಸ್ಕೆಟ್ ಲೆಕ್ಕ ಇಟ್ಕೊಳ್ಳಿ. ಒಂದು ಕಂಪನಿ ಗ್ಯಾಸ್ಕೆಟ್ ಇನ್ನೊಂದರ ಕುಕ್ಕರ್‌ಗೆ ಕೂರಲ್ಲ, ಅಲ್ವಾ? ಪ್ರೊಸೆಸರ್ ಕೂರೋ ಸಾಕೆಟ್ಟೂ ಹಾಗೇ. ಆದರೆ ತೊಂಬತ್ತರ ದಶಕದ ನಡುವೆ ಸಾಕೆಟ್ 7 ಅನ್ನೋದರಲ್ಲಿ ಪೆಂಟಿಯಂ, ಎಎಂಡಿ, ಸೈರಿಕ್ಸ್ ಮೂರೂ ಕೂರ್ತಿದ್ವು. 1997ರ ಪೆಂಟಿಯಂ 2ಕ್ಕೆ ಇಂಟೆಲ್ ಬೇರೆಯೇ ಅಚ್ಚು ಮಾಡ್ಕೊಂಡಿತು. ಅಲ್ಲಿಂದ ಮನೆ ಬೇರೆ, ಒಲೆ ಬೇರೆ. ಇವತ್ತು ಪ್ರೊಸೆಸರ್ ಆರಿಸಿದ್ರೆ ಮದರ್‌ಬೋರ್ಡನ್ನೂ ಆರಿಸಿದ ಹಾಗೇ.

ಇನ್ನು ಬಿಸಿ ವಿಷ್ಯ. ಇದು ಸುಳ್ಳಿನಿಂದ ಹುಟ್ಟಿದ್ದಲ್ಲ. 1999ರಲ್ಲಿ ಎಎಂಡಿ ಅಥ್ಲಾನ್ ಬಂತು. 2000ದ ಮಾರ್ಚ್ 6ರಂದು ಅದೇ 1000 ಮೆಗಾಹರ್ಟ್ಸ್ ಮುಟ್ಟಿತು, ಇಂಟೆಲ್ ಎರಡು ದಿನ ಹಿಂದೆ ಬಿತ್ತು. ಆ ಅಥ್ಲಾನ್ ನಿಜವಾಗ್ಲೂ ಬಿಸಿ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡ್ತಿರೋ ಚಿಪ್‌ಗಳ ಮೇಲಿಂದ ತಂಪು ಮಾಡೋ ಹೀಟ್‌ಸಿಂಕ್ ಎತ್ತಿ ವಿಡಿಯೋ ಮಾಡಿದ್ರು. ಪೆಂಟಿಯಂ 4 ತಾನಾಗೇ ನಿಧಾನ ಆಗಿ ಉಳ್ಕೊಂಡಿತು. ಅಥ್ಲಾನ್ ಹೊಗೆ ಎದ್ದು ಸುಟ್ಟೋಯ್ತು. ಇಲ್ಲಿ ನಮ್ಮ ಸೆಖೆ, ಪಕ್ಕದಲ್ಲಿ ರೈಲ್ವೆ ಲೈನು, ಧೂಳು ಕೂತ ಫ್ಯಾನು. ಅಂಗಡಿಯವರು ಬೇಡ ಅಂದಿದ್ರೆ ಅವತ್ತಿಗೆ ಅದು ಒಳ್ಳೇ ಬುದ್ಧಿಮಾತೇ.

ಆದರೆ ಮೂರೇ ವರ್ಷದಲ್ಲಿ ಕಥೆ ತಿರುಗಿತು. 2004ರಲ್ಲಿ ಬಂದ ಪೆಂಟಿಯಂ 4ರ ಪ್ರೆಸ್ಕಾಟ್ ಮಾದರಿಯೇ ಬಿಸಿಗೆ ಹೆಸರಾಯ್ತು. 2003ರ ಎಎಂಡಿ ಅಥ್ಲಾನ್ 64 ಅದಕ್ಕಿಂತ ತಂಪಾಗಿತ್ತು. ಅದರ 64 ಬಿಟ್ ಪದ್ಧತೀನ ಇಂಟೆಲ್ಲೇ 2004ರಲ್ಲಿ ಅನುಸರಿಸಿತು. 2006ರಲ್ಲಿ ಕೋರ್ 2 ಡ್ಯುಯೋ ತಂದು ಇಂಟೆಲ್ ಮತ್ತೆ ಮುಂದೆ ಹೋಯ್ತು. 2011ರ ಎಎಂಡಿ ಎಫ್ಎಕ್ಸ್ ಚಿಪ್‌ಗಳು ಕರೆಂಟು ಜಾಸ್ತಿ ಎಳೀತಿದ್ವು, ಹಳೇ ಮಾತಿಗೆ ಮತ್ತೆ ಜೀವ ಬಂತು. 2017ರಲ್ಲಿ ರೈಜನ್ ಬಂದ ಮೇಲೆ ಎಎಂಡಿ ಕಡಿಮೆ ಕರೆಂಟಿನಲ್ಲಿ ಒಳ್ಳೇ ಕೆಲಸ ಮಾಡತ್ತೆ ಅನ್ನಿಸ್ಕೊಂಡಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಜಾಸ್ತಿ ವೋಲ್ಟೇಜ್‌ನಿಂದ ಕೆಡ್ತಿವೆ ಅಂತ ಗೊತ್ತಾಗಿ, ಕಂಪನಿ ಅವಕ್ಕೆ ಎರಡು ವರ್ಷ ವಾರಂಟಿ ಹೆಚ್ಚಿಸಿತು. ಇನ್ನು ಹತ್ತು ವರ್ಷ ಬಿಟ್ಟು “ಇಂಟೆಲ್ ಬೇಡಮ್ಮ, ಕೆಡತ್ತೆ” ಅಂತ ಯಾರೋ ಹೇಳ್ತಿರ್ತಾರೆ, ನೋಡ್ತಿರಿ. ಸಾಂಬಾರ್ ಪುಡಿ ಪ್ಯಾಕೆಟ್ ತಿರುಗಿಸಿ ತಾರೀಕು ನೋಡ್ತೀವಲ್ಲ, ಇಂಥ ಮಾತಿಗೂ ತಾರೀಕು ಕೇಳ್ಬೇಕು.

ಹೊರದೇಶದ ಕಂಪನಿಗಳ ಜಗಳ ಅಂತ ದೂರ ಇಡೋ ಹಾಗೂ ಇಲ್ಲ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ಚಿಪ್ಪನ್ನ ವಿನ್ಯಾಸ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಎಂಡಿ 2023ರ ನವೆಂಬರ್‌ನಲ್ಲಿ ಇಲ್ಲೇ ದೊಡ್ಡ ಕ್ಯಾಂಪಸ್ ತೆರೆಯಿತು, ಪ್ರಪಂಚದಲ್ಲಿ ತಮ್ಮ ಅತಿ ದೊಡ್ಡ ಡಿಸೈನ್ ಸೆಂಟರ್ ಅಂತ ಅವರೇ ಹೇಳ್ಕೊಂಡಿದ್ದಾರೆ. ಯಾವ ಡಬ್ಬ ತಂದ್ರೂ ಅದರಲ್ಲಿ ಈ ಊರಿನ ಮಕ್ಕಳ ಬುದ್ಧಿ ಇರಬಹುದು.

ಹಾಗಾದ್ರೆ ಎಸ್.ಪಿ. ರೋಡ್‌ಗೆ ಹೋದಾಗ ಏನು ಕೇಳ್ಬೇಕು? ಮೊದಲು, ಯಾವ ತಲೆಮಾರು ಅಂತ. ಬರೀ ‘ಐ7 ಇದೆ ಮೇಡಂ’ ಅಂದ್ರೆ ಸಾಲದು. 2013ರ ಐ7ಗಿಂತ 2022ರ ಐ3 ಚುರುಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಕೇಳೋದು ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನ ಮೇಲಿನದು, ರೈಜನ್‌ನಲ್ಲಿ 2000 ಸರಣಿಯ ಮೇಲಿನದು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಮರೀಬೇಡಿ. ಎರಡನೇದು, ಇದೇ ಬೋರ್ಡಿಗೆ ಮುಂದೆ ಹೊಸ ಪ್ರೊಸೆಸರ್ ಕೂರತ್ತಾ ಅಂತ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ 2017ರ ರೈಜನ್ ಕೂತ ಬೋರ್ಡುಗಳಲ್ಲಿ ಎಷ್ಟೋ, 5000 ಸರಣಿಯನ್ನೂ ಕೂರಿಸ್ಕೊಂಡ್ವು. ಬೋರ್ಡಿನ ದುಡ್ಡು ಉಳೀತು. ಮೂರನೇದು, ಎರಡೂ ಕಂಪನಿದು ಬೋರ್ಡು, ರ್‍ಯಾಮ್, ಕೂಲರ್ ಎಲ್ಲ ಸೇರಿಸಿ ಎಷ್ಟಾಗತ್ತೆ ಅಂತ ಪಕ್ಕಪಕ್ಕ ಬರೆಸ್ಕೊಳ್ಳಿ. ನಿಮ್ಮ ದುಡ್ಡಿಗೆ ಅವತ್ತು ಯಾವುದು ಹೊಸ ತಲೆಮಾರಿನದು ಬರತ್ತೋ ಅದನ್ನ ತಗೊಳ್ಳಿ.

ಬಿಲ್ ಮೇಲೆ ‘ಐ5’, ‘ರೈಜನ್ 5’ ಅಂತಷ್ಟೇ ಬರೆದ್ರೆ ಒಪ್ಕೋಬೇಡಿ. ಪ್ರೊಸೆಸರ್‌ನ ಪೂರ್ತಿ ನಂಬರ್ ಬರೆಸ್ಕೊಂಡು, ಡಬ್ಬದ ಮೇಲಿನ ನಂಬರ್ ಜೊತೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.