ಮಂಕುತಿಮ್ಮನಿಗೆ ಹೇಳುತ್ತಿರುವವರು ಯಾರು? ಕಗ್ಗದ ಪದ್ಯಕ್ರಮವನ್ನು ಕುರಿತು

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಅಚ್ಚಾಯಿತು. ಅದು 945 ಬಿಡಿಪದ್ಯಗಳ ಸೂಕ್ತಿಸಂಗ್ರಹ, ಯಾವ ಪುಟ ತೆರೆದರೂ ಒಂದು ಹಿತವಚನ ಸಿಗುತ್ತದೆ, ಸರ್ವಜ್ಞನ ವಚನಗಳ ಜಾತಿಗೇ ಸೇರಿದ್ದು ಎಂಬ ಮಾತನ್ನು ವ್ಯಾಖ್ಯಾನಕಾರರು ಒಬ್ಬರಿಂದೊಬ್ಬರು ಪಡೆದು ದಾಟಿಸುತ್ತ ಬಂದಿದ್ದಾರೆ. ಬೆಂಗಳೂರಿನ ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಬಸವನಗುಡಿಗಳಲ್ಲಂತೂ ಇದು ಪ್ರಶ್ನೆಯೇ ಇಲ್ಲದ ಮಾತು. ಡಿವಿಜಿ ಇಲ್ಲಿ ಬದುಕಿದವರು. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿ ಇಂದಿಗೂ ಇದೆ. ಕಗ್ಗದ ಪದ್ಯ ಇಲ್ಲಿ ಲಗ್ನಪತ್ರಿಕೆಯ ತಲೆಯ ಮೇಲೂ ಶ್ರದ್ಧಾಂಜಲಿಯ ಅಡಿಯಲ್ಲೂ ಬರುತ್ತದೆ. ಆ ಬಳಕೆಯ ಬಗ್ಗೆ ನನ್ನ ತಕರಾರಿಲ್ಲ. ಬಳಕೆಯನ್ನೇ ಕೃತಿಯ ಸ್ವರೂಪವೆಂದು ವಿದ್ವಾಂಸರು ಬರೆದದ್ದರ ಬಗ್ಗೆ ಇದೆ.

ಸರ್ವಜ್ಞನ ಹೋಲಿಕೆಯನ್ನು ಮೊದಲು ನೋಡೋಣ. ಸರ್ವಜ್ಞನ ತ್ರಿಪದಿಗಳಿಗೆ ಕವಿಯೇ ಕೊಟ್ಟ ಕ್ರಮ ನಮ್ಮ ಕೈಗೆ ಬಂದಿಲ್ಲ. ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಆಯ್ದು ವಿಷಯವಾರು ಪದ್ಧತಿಗಳಾಗಿ ವಿಂಗಡಿಸಿದವರು ಉತ್ತಂಗಿ ಚನ್ನಪ್ಪನವರು; ಅವರ ಸಂಪಾದನೆ ಬಂದದ್ದು 1924ರಲ್ಲಿ.  ಆ ಕ್ರಮ ಸಂಪಾದಕನದು. ಕಗ್ಗದ ಕ್ರಮ ಕವಿಯದು, ಕವಿಯ ಕಣ್ಣೆದುರಲ್ಲೇ ಅಚ್ಚಾದದ್ದು. ಈ ವ್ಯತ್ಯಾಸವನ್ನು ಗಮನಿಸದೆ, ಎರಡರಲ್ಲೂ ಪದ್ಯದ ಕೊನೆಗೆ ಒಂದು ಹೆಸರಿದೆ ಎಂಬ ಒಂದೇ ಕಾರಣಕ್ಕೆ ಇವನ್ನು ಜೋಡಿಸಿದ್ದು ಅವಸರದ ಕೆಲಸ.

ಆ ಹೆಸರೂ ಎರಡು ಕಡೆ ಒಂದೇ ಕೆಲಸ ಮಾಡುವುದಿಲ್ಲ. ಸರ್ವಜ್ಞ ಎಂಬುದು ಅಂಕಿತ, ಮಾತು ಯಾರದೆಂದು ತಿಳಿಸುವ ಮುದ್ರೆ. ತ್ರಿಪದಿಯಲ್ಲಿ ಬರುವ ವಿಧಿ ನಿಷೇಧಗಳು ಕೇಳುವ ಲೋಕಕ್ಕೆ ಸಲ್ಲುತ್ತವೆ. ಕಗ್ಗದಲ್ಲಿ ಹಾಗಾಗು, ಹೀಗಿರು, ತಲೆಬಾಗು ಎಂಬ ಆಜ್ಞೆಗಳೆಲ್ಲ ಬಂದು ಬೀಳುವುದು ಮಂಕುತಿಮ್ಮನ ಮೇಲೆ. ಕೃತಿಯ ಹೆಸರೋ, ಕಗ್ಗ ಮಂಕುತಿಮ್ಮನದೇ ಎನ್ನುತ್ತದೆ. ಹಾಗಾದರೆ ಹೇಳುವವನೂ ಅವನೇ, ಹೇಳಿಸಿಕೊಳ್ಳುವವನೂ ಅವನೇ.

ಇದಕ್ಕೆ ಎದುರಾಗಿ ಸಾಮಾನ್ಯವಾಗಿ ತರುವ ಸಾಕ್ಷ್ಯ ಕೃತಿಯ ಕೊನೆಯ ಹತ್ತಿರದ ಒಂದು ಪದ್ಯ. ಇದನ್ನು ಹವಣಿಸಿದವನು ಕವಿಯಲ್ಲ, ವಿಜ್ಞಾನಿಯಲ್ಲ, ಬರಿಯ ಅಲೆಮಾರಿ. ಪಾಮರರ ಮಾತಿನಲ್ಲಿ ಹೇಳಿದ್ದಾನೆ. ಪದ್ಯವಾದರೆ ನೆನಪಿಡಲು ಸುಲಭ ಎಂಬುದು ಅದರ ಸಾರ. ನೋಡಿ, ಜನಕ್ಕೆ ಬೋಧಿಸಲು ಬಿಡಿಸೂಕ್ತಿ ಬರೆದೆನೆಂದು ಕವಿಯೇ ಒಪ್ಪಿದ್ದಾರೆ, ಎಂದು ವಾದ. ಆದರೆ ಆ ಪದ್ಯದ ಆಸುಪಾಸಿನಲ್ಲೇ ಇನ್ನೊಂದಿದೆ. ಈ ವಾದಿಗಳು ಅದನ್ನು ಉದ್ಧರಿಸುವುದಿಲ್ಲ. ಬಾಳಿನ ಧರ್ಮದ ಒಂದು ಸ್ಪಷ್ಟ ದರ್ಶನವನ್ನು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳಬೇಕೆಂದು, ಗ್ರಂಥಗಳಿಂದಲೂ ಅನುಭವದಿಂದಲೂ ಆರಿಸಿ ಈ ಕಗ್ಗವನ್ನು ಹೊಸೆದನೆಂದು ಅದು ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದಾಗ, ಸುಲಭವಾಗಬೇಕಾದದ್ದು ಯಾರ ನೆನಪಿಗೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಹಳಗನ್ನಡದ ರೂಪಗಳು ತುಂಬಿದ, ಐದು ಮಾತ್ರೆಯ ಗಣಗಳಲ್ಲಿ ಆದಿಪ್ರಾಸ ಹಿಡಿದು ನಡೆಯುವ ಕಗ್ಗದ ಭಾಷೆ ಪಾಮರರ ಮಾತಂತೂ ಅಲ್ಲ. ಅವೆರಡರಲ್ಲಿ ಮೊದಲ ಪದ್ಯದ ಆ ಮಾತು ಕವಿವಿನಯ ಎಂದಾದರೆ, ಎರಡನೆಯದೂ ವಿನಯವೇ ಏಕಾಗಬಾರದು? ನನ್ನ ಉತ್ತರ: ಪಾಮರರ ಮಾತೆಂಬ ಹೇಳಿಕೆಗೆ ಕೃತಿಯ ಭಾಷೆಯೇ ಎದುರು ಸಾಕ್ಷಿ, ತನಗೆ ತಾನೇ ಹೇಳಿಕೊಂಡದ್ದೆಂಬ ಹೇಳಿಕೆಗೆ ಕೃತಿಯ ಹೆಸರೂ ಪದ್ಯ ಪದ್ಯದ ಕೊನೆಯ ಸಂಬೋಧನೆಯೂ ಪರವಾದ ಸಾಕ್ಷಿ.

ಕ್ರಮದ ಮಹತ್ವ ತಿಳಿಯಲು ಕಗ್ಗದ ಮೊದಲ ನಾಲ್ಕು ಪದ್ಯಗಳು ಸಾಕು. ಮೊದಲನೆಯದು ವಿಷ್ಣುವಿನ ನಾಮಗಳಿಂದ ಹೊರಟು, ಕಾಣದಿದ್ದರೂ ಜನ ಒಲಿದು ನಂಬಿರುವ ಆ ವಿಚಿತ್ರಕ್ಕೆ ಶರಣೆನ್ನುತ್ತದೆ. ಎರಡನೆಯದು ಅದು ಜೀವ ಜಡಗಳನ್ನು ತುಂಬಿದೆಯಂತೆ ಎಂದು ಕೇಳಿದ ಮಾತನ್ನು ಒಪ್ಪಿಸುತ್ತದೆ. ಮೂರನೆಯದರಲ್ಲಿ ಅದು ಇದೆಯೋ ಇಲ್ಲವೋ ತಿಳಿಯಗೊಡದ ವಸ್ತು. ನಾಲ್ಕನೆಯದು ಬಾಳಿಗೆ ಅರ್ಥವೇನೆಂದು ನೇರವಾಗಿ ಕೇಳಿಬಿಡುತ್ತದೆ. ಮೊದಲ ಪದ್ಯವನ್ನು ಕಿತ್ತುಕೊಂಡ ಆಸ್ತಿಕರು ಡಿವಿಜಿ ತಮ್ಮವರೆಂದರು. ನಾಲ್ಕನೆಯದನ್ನು ಕಿತ್ತುಕೊಂಡ ಸಂಶಯವಾದಿಗಳೂ ತಮ್ಮವರೆಂದರು. ನಂಬಿಕೆ ಪದ್ಯದಿಂದ ಪದ್ಯಕ್ಕೆ ಸಡಿಲವಾಗುತ್ತ ಪ್ರಶ್ನೆಯಾಗುವ ನಡೆಯನ್ನು ಎರಡು ಪಕ್ಷವೂ ಕಾಣಲಿಲ್ಲ. 945ನೆಯ ಪದ್ಯ ಮತ್ತೆ ಶರಣಾಗತಿಯನ್ನೇ ಹೇಳುತ್ತದೆ, ಆದರೆ ಅಲ್ಲಿ ಶರಣು ಹೋಗಬೇಕಾದದ್ದು ಜೀವನದ ರಹಸ್ಯಕ್ಕೆ. ಇಷ್ಟು ದೂರ ಸಾಗಿದ್ದನ್ನು ಬಿಡಿಪದ್ಯಗಳ ಆಕಸ್ಮಿಕವೆಂದು ಹೇಗೆ ಒಪ್ಪುವುದು?

ಡಿವಿಜಿಗೆ ಈ ಕಟ್ಟಡದ ಅರಿವಿತ್ತೆಂಬುದಕ್ಕೆ ಕಗ್ಗದ ವಿಮರ್ಶಕರು ಕಡೆಗಣಿಸಿದ ಆಕರವೊಂದಿದೆ: ಅವರದೇ ಅನುವಾದವಾದ 1930ರ ‘ಉಮರನ ಒಸಗೆ’. ಪರ್ಷಿಯನ್ ಕವಿ ಉಮರನ ರುಬಾಯಿಗಳು ಒಂದಕ್ಕೊಂದು ಅಂಟದ ಬಿಡಿ ಚೌಪದಿಗಳು. ಹಸ್ತಪ್ರತಿಗಳಲ್ಲಿ ಅವನ್ನು ಪ್ರಾಸದ ಅಕ್ಷರಾನುಕ್ರಮದಲ್ಲಿ ಜೋಡಿಸುವುದು ರೂಢಿ. 1859ರಲ್ಲಿ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ಅವುಗಳಿಂದ 75 ಪದ್ಯಗಳನ್ನು ಹೊಸೆದು, ಬೆಳಗಿನಿಂದ ಇರುಳಿನವರೆಗಿನ ಒಂದೇ ದಿನದಂತೆ ನಡೆಯುವ ಕಾವ್ಯ ಮಾಡಿದ. ಬಿಡಿಯಾದವನ್ನು ಪೋಣಿಸಿದ್ದೇನೆಂದು ಮುನ್ನುಡಿಯಲ್ಲಿ ಹೇಳಿಯೂ ಇದ್ದಾನೆ. ಡಿವಿಜಿ ಕನ್ನಡಕ್ಕೆ ತಂದದ್ದು ಫಿಟ್ಜ್‌ಜೆರಾಲ್ಡ್‌ನ ಈ ಉಮರನನ್ನು. ನಾಲ್ಕು ಸಾಲಿನ ಪದ್ಯ ತನ್ನಷ್ಟಕ್ಕೆ ಪೂರ್ಣವಾಗಿದ್ದೂ ಮುಂದಿನದಕ್ಕೆ ಹೇಗೆ ಕೈ ಚಾಚಬಹುದೆಂಬುದನ್ನು ಅವರು ಸಾಲು ಸಾಲಾಗಿ ಅನುವಾದಿಸುತ್ತ ಕಂಡಿದ್ದರು. ಹದಿಮೂರು ವರ್ಷಗಳ ನಂತರದ ಕಗ್ಗವನ್ನು ಓದುವಾಗ ಸರ್ವಜ್ಞನನ್ನು ನೆನೆಯುವವರು ಕವಿಯ ಮೇಜಿನ ಮೇಲೇ ಇದ್ದ ಈ ಪುಸ್ತಕವನ್ನು ಮರೆಯುವುದು ನನಗೆ ಅರ್ಥವಾಗುವುದಿಲ್ಲ.

ಕಗ್ಗಕ್ಕೆ ಸಂದಿರುವ ‘ಕನ್ನಡದ ಭಗವದ್ಗೀತೆ’ ಎಂಬ ಬಿರುದಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೀತೆಯಲ್ಲಿ ಬಲ್ಲವನು ಕಂಗೆಟ್ಟವನಿಗೆ ಹೇಳುತ್ತಾನೆ. ಕಗ್ಗದಲ್ಲಿ ಕಂಗೆಟ್ಟವನೊಬ್ಬನೇ ಇದ್ದಾನೆ, ಕೃಷ್ಣನಿಲ್ಲ. ಗೀತೆಯ ಮೇಲೆಯೇ ‘ಜೀವನಧರ್ಮಯೋಗ’ ಬರೆದು 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರಿಗೆ ಈ ಭೇದ ತಿಳಿಯದೆ ಇರಲಿಲ್ಲ.

ಈ ವಾದವನ್ನು ಡಿವಿಜಿಯವರ ಇನ್ನೊಂದು ಕಗ್ಗವಾದ ‘ಮರುಳ ಮುನಿಯನ ಕಗ್ಗ’ಕ್ಕೆ ನಾನು ವಿಸ್ತರಿಸುವುದಿಲ್ಲ. ಅದು ಪ್ರಕಟವಾದದ್ದು 1984ರಲ್ಲಿ. ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಅಚ್ಚಿನ ಕರಡನ್ನು ಕವಿ ನೋಡದ ಕೃತಿಯ ಪದ್ಯಕ್ರಮದಿಂದ ಕವಿಯ ಉದ್ದೇಶವನ್ನು ಸಾಧಿಸಲು ಬರುವುದಿಲ್ಲ. ಹಾಗೆಯೇ ಎರಡು ಕಗ್ಗಗಳ ಪದ್ಯಗಳನ್ನು ಬೆರೆಸಿ ನಂಬಿಕೆ, ಸತ್ಯ, ಪ್ರಕೃತಿ, ಸ್ವಭಾವ ಎಂದು ತಲೆಬರಹ ಕೊಟ್ಟು ವಿಂಗಡಿಸುವ ಸಂಕಲನಗಳನ್ನು ಈ ಚರ್ಚೆಯಲ್ಲಿ ಆಕರವಾಗಿ ಬಳಸಲೂ ಬಾರದು.