ಗುಜರಿ ಸಾಮಾನಿನ ಗಿರಗಿಟ್ಲೆ: ಮೆಕ್ಯಾನಿಕ್ ವೋಲಿಸ್ ಸಿಂಪ್ಸನ್ ಕಥೆ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಲುಕಾಮಾ ಅಂತ ಒಂದು ಸಣ್ಣ ಊರಿದೆ. ಸುತ್ತ ಹೊಲಗಳು. ಸುಮಾರು ಮೂವತ್ತು ವರ್ಷದ ಹಿಂದೆ, ಆ ಊರಿನ ಹತ್ತಿರದ ಒಂದು ರಸ್ತೆಯಲ್ಲಿ ರಾತ್ರಿ ಹೊತ್ತು ಕಾರಿನಲ್ಲಿ ಹೋಗುವವರು ಬೆಚ್ಚಿ ಬೀಳುತ್ತಿದ್ದರು. ಕಾರಿನ ದೀಪ ಬಿದ್ದ ಕೂಡಲೇ ಕತ್ತಲಲ್ಲಿ ನೂರಾರು ಬಣ್ಣದ ಚುಕ್ಕಿಗಳು ಫಳಫಳ ಹೊಳೆಯುತ್ತಿದ್ದವು. ಹೊಳೆಯುವುದಷ್ಟೇ ಅಲ್ಲ, ಮರದೆತ್ತರದಲ್ಲಿ ಗಿರಗಿರ ತಿರುಗುತ್ತಿದ್ದವು.

ನೋಡಿದ ಹುಡುಗರು ಕಥೆ ಕಟ್ಟಿದರು. ಯಾರೋ ಒಬ್ಬ ಹುಡುಗಿ ನಶೆಯಲ್ಲಿ ಕಾರು ಓಡಿಸಿ ಅಪಘಾತದಲ್ಲಿ ಸತ್ತಳಂತೆ, ಅವಳ ಅಪ್ಪ ಅದೇ ಕಾರಿನ ಚೂರುಗಳಿಂದ ಇದನ್ನೆಲ್ಲ ಕಟ್ಟಿದನಂತೆ. ಈ ಅಂತೆಕಂತೆ ವರ್ಷಗಟ್ಟಲೆ ಓಡಾಡಿತು. ಅದರಲ್ಲಿ ಒಂದಕ್ಷರವೂ ನಿಜವಲ್ಲ.

ನಿಜ ಗೊತ್ತಿದ್ದ ಮನುಷ್ಯ ರಸ್ತೆ ಬದಿಯ ತನ್ನ ಗ್ಯಾರೇಜಿನಲ್ಲೇ ಇದ್ದರು. ಹೆಸರು ವೋಲಿಸ್ ಸಿಂಪ್ಸನ್. ಗಾಳಿಗೆ ಆಡುವ ಆ ದೊಡ್ಡ ಶಿಲ್ಪಗಳನ್ನು ಮಾಡಿದವರು ಅವರೇ. ಅವರ ಬದುಕಿನ ಕಥೆ ಆ ಕಟ್ಟುಕಥೆಗಿಂತ ಚೆನ್ನಾಗಿದೆ ಅಂತ ನಮಗೆ ಅನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಸಿಂಪ್ಸನ್ ಹುಟ್ಟಿದ್ದು 1919ರಲ್ಲಿ, ಅದೇ ಲುಕಾಮಾದಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪಕ್ಕೆ ಹೋದರು. ಅಲ್ಲಿ ಬಟ್ಟೆ ಒಗೆಯುವುದೇ ದೊಡ್ಡ ಪಾಡಾಗಿತ್ತು. ಆದರೆ ಗಾಳಿಗೆ ಬರವಿರಲಿಲ್ಲ, ಕೆಟ್ಟು ಬಿದ್ದ ಬಾಂಬರ್ ವಿಮಾನದ ಭಾಗಗಳೂ ಸಿಕ್ಕವು. ಸಿಂಪ್ಸನ್ ಎರಡನ್ನೂ ಜೋಡಿಸಿ ಗಾಳಿಯಿಂದ ನಡೆಯುವ ಬಟ್ಟೆ ಒಗೆಯುವ ಯಂತ್ರ ಮಾಡಿದರು. ಗಾಳಿಯ ಜೊತೆ ಅವರ ನಂಟು ಶುರುವಾದದ್ದು ಹೀಗೆ, ಕೊಳೆ ಬಟ್ಟೆಯಿಂದ.

ಯುದ್ಧ ಮುಗಿಸಿ ಊರಿಗೆ ಬಂದು ಗ್ಯಾರೇಜು ಹಾಕಿದರು. ರೈತರ ಯಂತ್ರಗಳ ರಿಪೇರಿ ಅವರ ಹೊಟ್ಟೆಪಾಡು. ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿದ್ದರು: ಮನೆ ಸಾಗಿಸುವುದು. ಮನೆಯ ಸಾಮಾನಲ್ಲ, ಮನೆಯನ್ನೇ! ಅಲ್ಲಿ ಮರದ ಮನೆಗಳು ಹೆಚ್ಚು. ಅಂಥ ಮನೆಯನ್ನು ಜಾಕ್ ಕೊಟ್ಟು ಮೇಲೆತ್ತಿ, ಅಡಿಗೆ ಉಕ್ಕಿನ ತೊಲೆ ತೂರಿಸಿ, ಚಕ್ರದ ಮೇಲೆ ಕೂರಿಸಿ ಇನ್ನೊಂದು ಜಾಗಕ್ಕೆ ಎಳೆದುಕೊಂಡು ಹೋಗುತ್ತಾರೆ. ಒಂದು ಕಡೆ ಭಾರ ಹೆಚ್ಚಾದರೆ ಗೋಡೆ ಬಿರುಕು ಬಿಡುತ್ತದೆ. ಯಾವ ಭಾರವನ್ನು ಎಲ್ಲಿ ಹಿಡಿದರೆ ನಿಲ್ಲುತ್ತದೆ ಅನ್ನುವುದು ಆ ಕೆಲಸದಲ್ಲಿ ಕೈಗೆ ತಾನಾಗಿಯೇ ಗೊತ್ತಾಗುತ್ತದೆ. ಎತ್ತುವ ಯಂತ್ರಗಳನ್ನು ಕೂಡ ಸಿಂಪ್ಸನ್ ಹಳೆಯ ಲಾರಿಗಳಿಂದ ತಾವೇ ಮಾಡಿಕೊಂಡಿದ್ದರು.

1970ರ ದಶಕದಲ್ಲಿ ಅಮೆರಿಕದಲ್ಲಿ ತೈಲದ ಬೆಲೆ ಏರಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು ದುಬಾರಿಯಾಯಿತು. ಆಗ ಸಿಂಪ್ಸನ್ ಒಂದು ಗಾಳಿಯಂತ್ರ ಕಟ್ಟಿ, ಸೌದೆ ಒಲೆಯ ಬಿಸಿ ಗಾಳಿ ಮನೆಯೊಳಗೆಲ್ಲ ಹರಡುವ ಹಾಗೆ ಮಾಡಿದರು. ಅಲ್ಲಿಯವರೆಗೂ ಅವರು ಗಾಳಿಯನ್ನು ದುಡಿಸಿಕೊಂಡದ್ದು ಅಗತ್ಯಕ್ಕೆ.

ಬರೀ ಆಟಕ್ಕಾಗಿ ಕೈ ಹಚ್ಚಿದ್ದು 65 ವರ್ಷದ ಹೊತ್ತಿಗೆ, ಕೆಲಸದಿಂದ ಬಿಡುವಾದ ಮೇಲೆ. ಗ್ಯಾರೇಜಿನ ಸುತ್ತ ನಲವತ್ತು ವರ್ಷದ ಗುಜರಿ ಬಿದ್ದಿತ್ತು: ಪೈಪು, ಉಕ್ಕಿನ ತೊಲೆ, ಸೈಕಲ್ ಭಾಗ, ಫ್ಯಾನಿನ ರೆಕ್ಕೆ, ಬೇರಿಂಗು, ಅಲ್ಯೂಮಿನಿಯಂ ತಗಡು, ಹಳೆಯ ರಸ್ತೆ ಫಲಕ. ಎದುರಿಗೆ ದನ ಮೇಯುವ ಸ್ವಂತ ಜಮೀನಿತ್ತು. ಸಾಮಾನುಗಳನ್ನು ಜೋಡಿಸಿ, ಬಣ್ಣ ಬಳಿದು, ಮನೆ ಎತ್ತುತ್ತಿದ್ದ ಯಂತ್ರದಿಂದಲೇ ಒಂದೊಂದಾಗಿ ಅಲ್ಲಿ ನಿಲ್ಲಿಸುತ್ತ ಹೋದರು. ಕೆಲವು 40-50 ಅಡಿ ಎತ್ತರ. ರಾತ್ರಿ ಕಂಡ ಬಣ್ಣದ ಚುಕ್ಕಿಗಳು ರಸ್ತೆ ಫಲಕಗಳನ್ನು ಕತ್ತರಿಸಿ ಅಂಟಿಸಿದ ಚೂರುಗಳು. ಕಾರಿನ ಬೆಳಕಿಗೆ ಹೊಳೆಯಲೆಂದೇ ಮಾಡಿದ ಫಲಕಗಳಲ್ಲವೇ ಅವು?

ಇಂಥ ಶಿಲ್ಪಕ್ಕೆ ಅಲ್ಲಿ ವಿರ್ಲಿಗಿಗ್ ಅನ್ನುತ್ತಾರೆ. ನಮ್ಮ ಜಾತ್ರೆಯ ಗಿರಗಿಟ್ಲೆಯ ಅಣ್ಣ ಅಂದುಕೊಳ್ಳಿ. ಇದರ ಒಳಗುಟ್ಟು ಸರಳ. ಕಂಬದ ತುದಿಯಲ್ಲಿ ಬೇರಿಂಗ್ ಇರುತ್ತದೆ, ಹಿಂದೆ ಬಾಲದಂಥ ತಗಡು. ಗಾಳಿ ದಿಕ್ಕು ಬದಲಿಸಿದರೆ ಬಾಲ ಇಡೀ ಯಂತ್ರವನ್ನು ಗಾಳಿಗೆ ಮುಖ ಮಾಡಿಸುತ್ತದೆ. ರೆಕ್ಕೆ ತಿರುಗಿದಾಗ ಅದಕ್ಕೆ ಜೋಡಿಸಿದ ಬಾಗಿದ ಸರಳು ಮೇಲೆ ಕೆಳಗೆ ಆಡುತ್ತದೆ, ಸೈಕಲ್ ಪೆಡಲ್ ಇದ್ದ ಹಾಗೆ. ಆ ಚಲನೆಯಿಂದಲೇ ತಗಡಿನ ಮನುಷ್ಯ ಗಿಟಾರ್ ಬಾರಿಸುತ್ತಾನೆ, ಇನ್ನಿಬ್ಬರು ಮರ ಕೊಯ್ಯುತ್ತಾರೆ. ರೆಕ್ಕೆಗಳ ತೂಕ ಚೂರು ಏರುಪೇರಾದರೂ ಕಂಬ ಅಲುಗಾಡಿ ಬೇರಿಂಗ್ ಹಾಳಾಗುತ್ತದೆ. ಸಣ್ಣ ಆಟಿಕೆಯಲ್ಲಿ ಇದು ಲೆಕ್ಕಕ್ಕಿಲ್ಲ. ಟನ್‌ಗಟ್ಟಲೆ ಕಬ್ಬಿಣದಲ್ಲಿ ಇದು ಜೀವದ ಪ್ರಶ್ನೆ. ಮನೆ ಸಾಗಿಸುವಾಗ ಕಲಿತದ್ದು ಇಲ್ಲಿ ಕೈ ಹಿಡಿಯಿತು.

ಹೊರಗಿನವರ ಕಣ್ಣು ಬೀಳಲು ವರ್ಷಗಳೇ ಬೇಕಾದವು. ಬಾಲ್ಟಿಮೋರ್ ನಗರದಲ್ಲಿ ಕಲಾ ಶಾಲೆಗೆ ಹೋಗದೆ ತಾವೇ ಕಲಿತವರ ಕಲೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ, ಅಮೆರಿಕನ್ ವಿಷನರಿ ಆರ್ಟ್ ಮ್ಯೂಸಿಯಂ. ಅದು 1995ರಲ್ಲಿ ಶುರುವಾದಾಗ ಅಂಗಳದಲ್ಲಿ ನಿಂತದ್ದು ಸಿಂಪ್ಸನ್ ಅವರ 55 ಅಡಿ ಎತ್ತರದ ಗಿರಗಿಟ್ಲೆ. ಮರುವರ್ಷ ಒಲಿಂಪಿಕ್ಸ್ ನಡೆದಾಗ ಅಟ್ಲಾಂಟಾ ನಗರದಲ್ಲೂ ಅವರ ಕೆಲಸ ತಿರುಗಿತು. ಅವರ ರಾಜ್ಯದ ಕಲಾ ಸಂಗ್ರಹಾಲಯವೂ ಒಂದನ್ನು ನಿಲ್ಲಿಸಿಕೊಂಡಿತು. ಮೆಕ್ಯಾನಿಕ್ ಸಿಂಪ್ಸನ್ ಕಲಾವಿದ ಅನ್ನಿಸಿಕೊಂಡಾಗ ವಯಸ್ಸು 75 ದಾಟಿತ್ತು. ಕೈಯಲ್ಲಿದ್ದ ವಿದ್ಯೆ ಮಾತ್ರ ಅದೇ ಹಳೆಯದು.

ಆದರೆ ಗಾಳಿಗೆ ತಿರುಗುವ ವಸ್ತು ಗಾಳಿಗೇ ಸವೆಯುತ್ತದೆ. ಬೇರಿಂಗಿಗೆ ಗ್ರೀಸ್ ಬೇಕು, ತಗಡಿಗೆ ಬಣ್ಣ ಬೇಕು. ವಯಸ್ಸು 90 ಸಮೀಪಿಸಿದಾಗ 50 ಅಡಿ ಹತ್ತಿ ಅದನ್ನೆಲ್ಲ ಮಾಡುವವರು ಯಾರು? ಒಂದೊಂದೇ ಯಂತ್ರ ತುಕ್ಕು ಹಿಡಿದು ನಿಲ್ಲತೊಡಗಿತು.

ಹತ್ತಿರದ ವಿಲ್ಸನ್ ಪಟ್ಟಣಕ್ಕೂ ಅದೇ ಗತಿ ಬಂದಿತ್ತು. ಜಗತ್ತಿನ ಅತಿ ದೊಡ್ಡ ತಂಬಾಕು ಮಾರುಕಟ್ಟೆ ಅಂತ ಹೇಳಿಕೊಳ್ಳುತ್ತಿದ್ದ ಊರದು. ತಂಬಾಕಿನ ಹರಾಜು ಕಳೆಗುಂದಿ, ದೊಡ್ಡ ದೊಡ್ಡ ಗೋದಾಮುಗಳು ಖಾಲಿ ಬಿದ್ದಿದ್ದವು. 2010ರ ಹೊತ್ತಿಗೆ ಊರಿನವರು ಒಂದು ತೀರ್ಮಾನಕ್ಕೆ ಬಂದರು: ಹೊಲದಲ್ಲಿದ್ದ ಗಿರಗಿಟ್ಲೆಗಳನ್ನು ಇಳಿಸಿ, ರಿಪೇರಿ ಮಾಡಿ, ಪಟ್ಟಣದ ನಡುವೆ ಪಾರ್ಕು ಮಾಡಿ ನಿಲ್ಲಿಸೋಣ.

ಕಲಾ ಸಂಗ್ರಹಾಲಯಗಳಲ್ಲಿ ಹಳೆಯ ವಸ್ತುವನ್ನು ಆದಷ್ಟು ಮುಟ್ಟದೆ ಇಡುವುದು ರೂಢಿ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ತಿರುಗದ ಗಿರಗಿಟ್ಲೆ ಬರೀ ಕಂಬ ಅಷ್ಟೇ. ತುಕ್ಕು ಕೆರೆದು, ಬಣ್ಣ ಬಳಿದು, ಹೊಳಪು ಹೋದ ಚೂರುಗಳನ್ನು ಬದಲಿಸಬೇಕಾಯಿತು. ಅಂದರೆ ಮೆಕ್ಯಾನಿಕ್ ಕಟ್ಟಿದ್ದನ್ನು ಉಳಿಸಲು ಮತ್ತೆ ಮೆಕ್ಯಾನಿಕ್ ಕೈಯೇ ಬೇಕಾಯಿತು. ಸಿಂಪ್ಸನ್ ಇನ್ನೂ ಬದುಕಿದ್ದರಿಂದ ಅವರನ್ನೇ ಕೇಳಿ ತಿಳಿದುಕೊಳ್ಳಲು ಸಾಧ್ಯವಾಯಿತು.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಕತ್ತಲ ರಸ್ತೆಯ ತಿರುವಿನಲ್ಲಿ ಕಾರಿನ ದೀಪಕ್ಕೆ ಥಟ್ಟನೆ ಕಣ್ಣು ಬಿಡುತ್ತಿದ್ದ ಆ ನೋಟ ದೀಪ ಹಾಕಿದ ಪಾರ್ಕಿನಲ್ಲಿ ಸಿಗುವುದಿಲ್ಲ. ಆದರೆ ಹೊಲದಲ್ಲೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಯಾವ ನೋಟವೂ ಉಳಿಯುತ್ತಿರಲಿಲ್ಲ.

ಸಿಂಪ್ಸನ್ 2013ರ ಮೇ 31ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಗಿರಗಿಟ್ಲೆಗಳು ರಾಜ್ಯದ ಅಧಿಕೃತ ಜಾನಪದ ಕಲೆ ಅಂತ ಕಾನೂನಾಯಿತು. 2017ರ ನವೆಂಬರಿನಲ್ಲಿ ವಿಲ್ಸನ್‌ನಲ್ಲಿ ಅವರ ಹೆಸರಿನ ಪಾರ್ಕು ತೆರೆಯಿತು. ಅಲ್ಲಿ 30 ಗಿರಗಿಟ್ಲೆಗಳಿವೆ. ಅದನ್ನು ನೋಡಲು ಅವರಿರಲಿಲ್ಲ.

ನಮಗೆ ಮತ್ತೆ ಮತ್ತೆ ನೆನಪಾಗುವುದು ಆ ಸುಳ್ಳು ಕಥೆ. ಅಷ್ಟು ವರ್ಷ ಹುಡುಗರು ಕತ್ತಲಲ್ಲಿ ಬಂದು, ನೋಡಿ, ಹೆದರಿ, ಕಥೆ ಕಟ್ಟಿ ಹೋದರು. ಹಗಲಲ್ಲಿ ಬಂದು ಗ್ಯಾರೇಜಿನ ಮುಂದೆ ನಿಂತು, ಯಜಮಾನರೇ, ಇದನ್ನು ಯಾಕೆ ಮಾಡಿದಿರಿ ಅಂತ ಕೇಳಿದ್ದರೆ ಸಾಕಿತ್ತು. ನಿಮ್ಮೂರಿನಲ್ಲೂ ಗುಜರಿ ಗುಡ್ಡೆ ಹಾಕಿಕೊಂಡು ಏನನ್ನೋ ಜೋಡಿಸುತ್ತ ಕೂತ ಹಿರಿಯರೊಬ್ಬರು ಇದ್ದರೆ, ಒಮ್ಮೆ ಹೋಗಿ ಕೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.