ಬೀದರ್ ನೋಡೋಕೆ ರಷ್ಯಾದಿಂದ ಬಂದವನು

ನಮ್ಮ ಆಫೀಸಿನಲ್ಲಿ ಆನ್‌ಸೈಟ್ ಮುಗಿಸಿ ಬಂದವರ ಹತ್ತಿರ ಒಂದಲ್ಲ ಒಂದು ಯುರೋಪಿನ ಊರಿನ ಫೋಟೋ ಇದ್ದೇ ಇರುತ್ತೆ. ಹೆಚ್ಚಿನವರದ್ದು ಫ್ಲಾರೆನ್ಸ್. ಗುಮ್ಮಟ ನೋಡಿ, ಚಿತ್ರ ನೋಡಿ, ಊಟ ಮಾಡಿ ಬಂದೆವು ಅಂತಾರೆ. ನೋಡಬೇಕಾದ ಊರೇ, ಸಂಶಯವಿಲ್ಲ. ನನ್ನ ತಕರಾರು ಇಷ್ಟೇ: ಐನೂರೈವತ್ತು ವರ್ಷದ ಹಿಂದೆ ಯುರೋಪಿನವನೊಬ್ಬ ನಮ್ಮ ಬೀದರಿಗೆ ಬಂದು, ಕಣ್ಣರಳಿಸಿ ನೋಡಿ, ಬರೆದಿಟ್ಟು ಹೋದ. ಆ ಕಥೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾನು ಔರಾದ್ ಕಡೆಯವನು. ಕರ್ನಾಟಕದ ನಕ್ಷೆಯ ತುತ್ತತುದಿ ಅದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಯಜಮಾನರು ನನ್ನ ಮಾತು ಕೇಳಿ, "ನಿಮ್ಮದು ಕರ್ನಾಟಕಾನೇನಪ್ಪಾ?" ಅಂದಿದ್ದರು. "ಹೌದ್ರಿ, ಬೀದರ್ ಜಿಲ್ಲಾ" ಅಂದೆ. "ಓ, ಅಲ್ಲಿ ಎಲ್ಲಾ ಹಿಂದಿ ಅಲ್ವಾ?" ಅಂದರು. ಮನೆಯೇನೋ ಸಿಕ್ಕಿತು ಅನ್ನಿ. ಆದರೆ ಈ ಹೊರಗಿನವನು, ಒಳಗಿನವನು ಅನ್ನೋ ಪ್ರಶ್ನೆ ಇದೆಯಲ್ಲ, ಬೀದರಿನ ಇತಿಹಾಸ ಅಂದರೆ ಅರ್ಧ ಅದೇ.

ಬಹಮನಿ ಸುಲ್ತಾನ ಮೊದಲನೇ ಅಹಮದ್ ಶಾ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದ. ಈಗಿರುವ ಕೋಟೆ 1432ರ ಹೊತ್ತಿಗೆ ಮುಗಿಯಿತು. ಅವನು ತೀರಿಕೊಂಡಿದ್ದು 1436ರಲ್ಲಿ. ಫ್ಲಾರೆನ್ಸಿನ ಆ ಪ್ರಸಿದ್ಧ ಬ್ರುನೆಲೆಸ್ಕಿ ಗುಮ್ಮಟದ ಕೆಳಗೆ ಚರ್ಚು ಉದ್ಘಾಟನೆಯಾದದ್ದೂ ಅದೇ ವರ್ಷ! ಊರ ಹೊರಗಿನ ಅಷ್ಟೂರಿನಲ್ಲಿರುವ ಅಹಮದ್ ಶಾನ ಗೋರಿಯ ಒಳಗೆ ಹೋಗಿ ತಲೆ ಎತ್ತಿ ನೋಡಿ. ಕಡುನೀಲಿ, ಕೆಂಪು, ಅದರ ಮೇಲೆ ಬಂಗಾರದ ಅಕ್ಷರ. ಕಣ್ಣು ಕತ್ತಲೆಗೆ ಒಗ್ಗಲು ಒಂದೆರಡು ನಿಮಿಷ ಬೇಕು, ಆಮೇಲೆ ಗೋಡೆ ತಾನಾಗಿ ತೆರೆದುಕೊಳ್ಳುತ್ತೆ. ಮುಸ್ಲಿಮರಿಗೆ ಇವನು ವಲಿ. ಸುತ್ತಲಿನ ಎಷ್ಟೋ ಹಿಂದೂಗಳಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ಬರುವ ಪದ್ಧತಿ ಇದೆ. ಇದನ್ನು ಯಾರೂ 'ಸೌಹಾರ್ದ ಕಾರ್ಯಕ್ರಮ' ಅಂತ ಬ್ಯಾನರ್ ಕಟ್ಟಿ ಶುರು ಮಾಡಿದ್ದಲ್ಲ.

ಈಗ ಆ ಯುರೋಪಿನವನ ವಿಷಯಕ್ಕೆ ಬರೋಣ. ಅಫಾನಾಸಿ ನಿಕಿತಿನ್, ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ದಾರಿಯಲ್ಲಿ ದರೋಡೆಗೆ ಸಿಕ್ಕಿ, ಪರ್ಷಿಯಾ ದಾಟಿ, ಹಡಗಿನಲ್ಲಿ ಒಂದು ಕುದುರೆ ಹಾಕಿಕೊಂಡು ಕೊಂಕಣ ತೀರದ ಚೌಲ್‌ನಲ್ಲಿ ಇಳಿದ. ಅಲ್ಲಿಂದ ಜುನ್ನರ್, ಜುನ್ನರಿನಿಂದ ಬೀದರ್. 1470ರ ಆಸುಪಾಸಿನ ಮಾತಿದು, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು. ಕುದುರೆಯನ್ನು ಬೀದರಿನಲ್ಲೇ ಮಾರಿದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಲ್ಲಿ ನೂರು ಕಾವಲುಗಾರರು, ಒಳಗೆ ಹೋಗುವವರ, ಹೊರಗೆ ಬರುವವರ ಹೆಸರು ಬರೆದುಕೊಳ್ಳುವ ನೂರು ಗುಮಾಸ್ತರು ಎಂದು ಬರೆದಿದ್ದಾನೆ. (ನಮ್ಮ ಟೆಕ್ ಪಾರ್ಕಿನ ಗೇಟು ನೆನಪಾಗಲಿಲ್ಲವೇ?) ಕಲ್ಲು ಕಲ್ಲಿನಲ್ಲೂ ಕೆತ್ತನೆ, ಬಂಗಾರದ ಲೇಪ ಅಂತ ಬೆರಗಾದ. ಆಳಂದದ ಜಾತ್ರೆಗೂ ಹೋಗಿ ಬಂದ. ಆದರೆ ಬೆರಗಿನಲ್ಲೇ ಉಳಿಯಲಿಲ್ಲ. ಹಳ್ಳಿಗಾಡಿನ ಜನ ತೀರ ಬಡವರು, ಸರದಾರರು ಮಾತ್ರ ವೈಭವದಲ್ಲಿದ್ದಾರೆ ಅನ್ನೋದನ್ನೂ ಬರೆದ. ಅದಕ್ಕೇ ಅವನ ಮಾತು ನಂಬಬೇಕು ಅನ್ನಿಸುತ್ತೆ. ಪಾಪ, ವಾಪಸ್ ಹೋಗುವಾಗ ತನ್ನ ಊರು ಮುಟ್ಟುವ ಮೊದಲೇ ತೀರಿಕೊಂಡ.

ನಿಕಿತಿನ್ ಬೀದರಿನಲ್ಲಿದ್ದಾಗ ರಾಜ್ಯ ನಡೆಸುತ್ತಿದ್ದವನೂ ಹೊರಗಿನವನೇ. ಮಹಮೂದ್ ಗವಾನ್, ಇರಾನಿನ ಗೀಲಾನ್ ಪ್ರಾಂತ್ಯದವನು. ವ್ಯಾಪಾರಕ್ಕೆ ಬಂದು ಪ್ರಧಾನಮಂತ್ರಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಈಗಲೂ ಹಳೇ ಬೀದರಿನಲ್ಲಿ ನಿಂತಿದೆ. ಮೂರು ಅಂತಸ್ತು, ಕ್ಲಾಸ್ ರೂಮು, ಲೈಬ್ರರಿ, ವಿದ್ಯಾರ್ಥಿ ಮತ್ತು ಮೇಷ್ಟ್ರುಗಳಿಗೆ ಕೋಣೆ. ಇಂದಿನ ಭಾಷೆಯಲ್ಲಿ ರೆಸಿಡೆನ್ಶಿಯಲ್ ಕ್ಯಾಂಪಸ್. ಮುಂಭಾಗದಲ್ಲಿ ಪರ್ಷಿಯನ್ ಶೈಲಿಯ ಬಣ್ಣದ ಹೆಂಚಿನ ಬಿಲ್ಲೆಗಳಿದ್ದವು. ಔರಂಗಜೇಬನ ಕಾಲದಲ್ಲಿ ಕಟ್ಟಡದಲ್ಲಿ ಇಟ್ಟಿದ್ದ ಮದ್ದು ಸಿಡಿದು ಒಂದು ಭಾಗ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಉಳಿದದ್ದು ಒಂದು, ಬಿಲ್ಲೆಗಳು ಅಲ್ಲಲ್ಲಿ ಮಾತ್ರ.

ಗವಾನನ ಅಂತ್ಯ ಕೇಳಿ. ಆಸ್ಥಾನದಲ್ಲಿ ಎರಡು ಪಂಗಡ: ಇಲ್ಲೇ ನೆಲೆಯಾದ ದಖನಿಗಳು, ಸಮುದ್ರ ದಾಟಿ ಬಂದ ಅಫಾಕಿಗಳು. ಗವಾನ್ ಇಬ್ಬರಿಗೂ ಹುದ್ದೆ ಹಂಚಿ ತೂಗಿಸಲು ನೋಡಿದ. ವಿರೋಧಿಗಳು ಅವನ ಮುದ್ರೆಯುಳ್ಳ ಕಾಗದದ ಮೇಲೆ ಒರಿಸ್ಸಾದ ರಾಜನಿಗೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯಿಲ್ಲದೆ 1481ರಲ್ಲಿ ಅವನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಸತ್ತ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಹೊರಗಿನವರನ್ನು ಕರೆದು ಬೆಳೆದ ಊರು, ಹೊರಗಿನವರು ಯಾರು ಅನ್ನೋ ಜಗಳದಲ್ಲೇ ಒಡೆಯಿತು. ಬೆಂಗಳೂರಿನಲ್ಲಿ ಕೂತು ಇದನ್ನು ಬರೆಯುವಾಗ ಇದು ಬರೀ ಹಳೇ ಕಥೆ ಅನ್ನಿಸೋದಿಲ್ಲ.

ಇನ್ನು ಬಿದ್ರಿ. ತಂತ್ರ ಪರ್ಷಿಯಾದ ಕಡೆಯಿಂದ ಬಂತು ಅಂತಾರೆ, ಆದರೆ ಜೀವ ಇರೋದು ಬೀದರಿನ ಮಣ್ಣಿನಲ್ಲಿ. ಸತುವು ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಾಣದಿಂದ ಚಿತ್ರ ಕೊರೆದು, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ಉಜ್ಜಿದರೆ ಲೋಹ ಕಾಯಂ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕು. ನಾನು ನೋಡಿದ ಕುಶಲಕರ್ಮಿಯೊಬ್ಬರು ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿದರು. "ಚಾಚಾ, ಲ್ಯಾಬಿನಾಗ ಟೆಸ್ಟ್ ಮಾಡಿಸಬಹುದಲ್ಲ?" ಅಂದೆ. ನಕ್ಕು, "ಇದೇ ಲ್ಯಾಬು" ಅಂತ ನಾಲಿಗೆ ತೋರಿಸಿದರು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಆ ನಾಲಿಗೆಯ ವಿದ್ಯೆ ಮುಂದಿನವರಿಗೆ ದಾಟಬೇಕಲ್ಲ, ಅದಕ್ಕೆ ಕೊಳ್ಳುವವರು ಬೇಕು. ಯುರೋಪಿನಿಂದ ಫ್ರಿಜ್ ಮ್ಯಾಗ್ನೆಟ್ ತರುವ ನಾವು ಒಂದು ಬಿದ್ರಿ ಡಬ್ಬಿ ಕೊಂಡೇವೆ?

ಭಾಲ್ಕಿಯ ಮಾತು ಹೇಳದೆ ಮುಗಿಸಲಾರೆ. ನಿಜಾಮನ ಆಳ್ವಿಕೆಯಲ್ಲಿ ಶಾಲೆ, ಕಚೇರಿ ಎಲ್ಲ ಉರ್ದು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಹಳೇ ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ ಒಂದು ಕಡೆ ಹೋದವು, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆ. ಬೀದರ್, ಭಾಲ್ಕಿ, ಔರಾದ್ ಕನ್ನಡಕ್ಕೆ ಉಳಿದವು. ಹಾಗಾಗಿ ನಮ್ಮ ಕನ್ನಡದಲ್ಲಿ ಮರಾಠಿ, ಉರ್ದು, ತೆಲುಗು ಇವೆ ನಿಜ. ಅದು ಕಲಬೆರಕೆ ಅಲ್ಲ, ಉಳಿದುಕೊಂಡು ಬಂದ ದಾರಿ. ಆ ಮನೆ ಯಜಮಾನರಿಗೆ ಅಂದು ಇದನ್ನೆಲ್ಲ ಹೇಳಲು ಪುರುಸೊತ್ತಿರಲಿಲ್ಲ!

ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪು, ಊರ ನಡುವಿನ ಚೌಬಾರಾ, ನೌಬಾದಿನ ನೆಲದಡಿಯ ಕರೇಜ್ ಕಾಲುವೆ ನೋಡಿ. ಗುರುದ್ವಾರ ನಾನಕ್ ಝೀರಾದಲ್ಲಿ ಪಂಕ್ತಿಯಲ್ಲಿ ಕೂತು ಲಂಗರ್ ಊಟ ಮಾಡಿ. ಎಳ್ಳಮಾಸಿ ದಿನ ಸಿಕ್ಕರಂತೂ ಭಾಲ್ಕಿ, ಔರಾದ್ ರಸ್ತೆಯಲ್ಲಿ ಯಾವುದಾದರೂ ಹೊಲದ ಹತ್ತಿರ ಸುಮ್ಮನೆ ನಿಲ್ಲಿ. "ಬರ್ರಿ, ಉಣ್ಣಕ್ ಬರ್ರಿ" ಅಂತ ಕರೀತಾರೆ. ಸಜ್ಜಿ ರೊಟ್ಟಿ, ಕಾಳು ತರಕಾರಿ ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಮಡಿಕೆಯ ಅಂಬಲಿ. ಯಾವ ಊರಿನವರು ಅಂತ ಕೇಳೋದು ಉಂಡಾದ ಮೇಲೆ.